ಹಿತ್ತಲ ದೋಣಿ

"ಅಲ್ಲೇ ನಿಂದ್ರ ಅಕ್ಕುತಾಯಿ, ಒಳಗೇನೂ ಇಲ್ಲ. ನಾವು ನೀರು ಗಾಳಿಸಿ ಕುಡಿಯೋ ಮಂದಿ. ನಮ್ಮಲ್ಲಿ ಗುಂಗಾಡ ಎಲ್ಲಿ ಹುಟ್ಟತಾವ?"

ಸೋನಾಬಾಯಿ ಹೊಸ್ತಿಲ ಮೇಲೆ ನಿಂತೇ ಹೇಳಿಬಿಟ್ಟಳು. ಸೊಳ್ಳೆಮರಿ ಹುಡುಕುತ್ತ ನಿಪ್ಪಾಣಿಯ ಓಣಿ ಓಣಿ ತಿರುಗುತ್ತಿದ್ದ ಆಶಾ ಕಾರ್ಯಕರ್ತೆ ಅಕ್ಕುತಾಯಿ, ಬ್ಯಾಟರಿಯನ್ನು ಚೀಲಕ್ಕೆ ಹಾಕಿ, ಬಾಗಿಲ ಪಕ್ಕದ ಗೋಡೆಯ ಮೇಲೆ ಸುಣ್ಣದಕಡ್ಡಿಯಿಂದ ತಾರೀಖು ಬರೆದು, ಮರಿ ಇಲ್ಲವೆಂದು ಕೆಳಗೊಂದು ಸೊನ್ನೆ ಸುತ್ತಿದಳು. ಅವಳ ಮನೆ ಬುದ್ಧವಿಹಾರದ ಹಿಂದೆ. ಆ ಕೇರಿಯವರನ್ನು ಕಟ್ಟೆ ದಾಟಿಸಿ ಕರೆಯುವ ರೂಢಿ ಸೋನಾಬಾಯಿಯ ಅತ್ತೆಯ ಕಾಲದಿಂದಲೂ ಈ ಮನೆಯಲ್ಲಿರಲಿಲ್ಲ.

ಆ ವರ್ಷ ನಳಕ್ಕೆ ವಾರಕ್ಕೊಮ್ಮೆ ನೀರು. ಬ್ಯಾರಲ್ಲಿನಲ್ಲಿ ತುಂಬಿಟ್ಟದ್ದನ್ನು ಸೋನಾಬಾಯಿ ದಿನಾ ಬೆಳಗ್ಗೆ ಎರಡು ಪದರದ ಅರಿವೆಯಲ್ಲಿ ಗಾಳಿಸುವಳು. ಅರಿವೆಯಲ್ಲಿ ಉಳಿದ ಜೀವಗಳನ್ನು ಜೈನರು ಚೆಲ್ಲುವಂತಿಲ್ಲ, ನೀರಿಗೇ ಮರಳಿಸಬೇಕು. ಬಾವಿಯಿದ್ದಾಗ ಬಾವಿಗೆ ಬಿಡುತ್ತಿದ್ದರು. ಅದನ್ನು ಮುಚ್ಚಿ ಕೋಣೆ ಕಟ್ಟಿಸಿದ ಮೇಲೆ, ಹಿಂದೆ ಎಮ್ಮೆ ನೀರು ಕುಡಿಯುತ್ತಿದ್ದ ಹಿತ್ತಲ ಕಲ್ಲಿನ ದೋಣಿಯೇ ಗತಿಯಾಯಿತು. ಕಾಗೆ ಬಾಯಿ ಹಾಕದಿರಲೆಂದು ಅರ್ಧಕ್ಕೆ ತಗಡು ಹೊದಿಸಿದ್ದಳು. ನೀರು ತಗ್ಗಿದರೆ ಒಂದು ತಂಬಿಗೆ ಸುರಿಯುವಳು. ಅವು ಯಾವ ಜೀವವೆಂದು ಒಮ್ಮೆಯೂ ಕೇಳಿಕೊಂಡವಳಲ್ಲ. ಇಷ್ಟಾದರೂ ಪುಣ್ಯ ತನ್ನ ಕೈಯಿಂದ ಆಗುತ್ತಿದೆಯಲ್ಲ ಎಂದು ಒಳಗೊಳಗೇ ಬೀಗುತ್ತಿದ್ದಳು.

ಅಕ್ಕುತಾಯಿಯ ಮಗಳು ಸಪನಾ ಮಾತ್ರ ಹಿತ್ತಲ ಬಾಗಿಲಿನಿಂದ ಬಂದು, ಸೊಸೆ ರೂಪಾಲಿಯ ಜೊತೆ ಸೀರೆಗೆ ಫಾಲ್ ಹಚ್ಚುತ್ತ ಮಧ್ಯಾಹ್ನದವರೆಗೆ ಹಿತ್ತಲಲ್ಲೇ ಕೂಡುತ್ತಿದ್ದಳು. ಸೊನ್ನೆ ಬರೆದು ಹತ್ತು ದಿನವಾಗಿರಬೇಕು, ಹುಡುಗಿ ಬರುವುದು ನಿಂತಿತು. ಡೆಂಗ್ಯೂ ಅಂತೆ, ದವಾಖಾನೆಯಲ್ಲಿ ಇಟ್ಟುಕೊಂಡಿದ್ದಾರಂತೆ.

"ಅತ್ತಿ, ಸಪನಾ ದಿನಾ ಕೂಡತಿದ್ದದ್ದು ಆ ದೋಣಿ ಮಗ್ಗಲಕ್ಕರಿ," ಎಂದಳು ರೂಪಾಲಿ, ಕಣ್ಣೆತ್ತದೆ.

ಸೋನಾಬಾಯಿ ಹಿತ್ತಲಿಗೆ ಹೋಗಿ ತಗಡು ಸರಿಸಿದಳು. ಕಾಲಿಗೆ ಬಿಳಿ ಪಟ್ಟೆಯ ಸೊಳ್ಳೆಗಳು ಒಮ್ಮೆಲೇ ಮುಖದ ಮೇಲೆ ಎದ್ದವು. ನೀರಿನ ತುಂಬ ಮರಿಗಳು ಮಿಜಿಗುಟ್ಟುತ್ತಿದ್ದವು. ತಗಡನ್ನು ಮೊದಲಿನಂತೆ ಎಳೆದು ಮುಚ್ಚಿ ಒಳಗೆ ಬಂದಳು.

ಮುಂದಿನ ವಾರ ಅಕ್ಕುತಾಯಿ ಮತ್ತೆ ಬಂದು ಕಟ್ಟೆಯ ಕೆಳಗೇ ನಿಂತಳು. ಕಣ್ಣು ಗುಳಿಬಿದ್ದಿದ್ದವು.

"ಹುಡುಗಿ ಹ್ಯಾಂಗದಾಳ?"

"ಪ್ಲೇಟ್‌ಲೆಟ್ ಭಾಳ ಇಳದಿದ್ದೂರಿ ಆಯಿ. ನಿನ್ನಿಯಿಂದ ಏರಾಕತ್ತಾವ. ಊರಿಗೆಲ್ಲಾ ಹೇಳಾಕಿ ಮನ್ಯಾಗs ಡೆಂಗ್ಯೂ ಅಂತ ಮಂದಿ ನಗತಾರ. ಸಾಹೇಬ್ರೂ ಬೈದ್ರು. ಎಲ್ಲಾ ಕೊಡ, ಬ್ಯಾರಲ್ ಬೋರಲ ಹಾಕಿ ನೋಡೇನ್ರಿ. ಎಲ್ಲಿ ತಪ್ಪೇನೋ ನನಗs ತಿಳೀವಲ್ದು."

ಸೋನಾಬಾಯಿ ನಾಚಿಕೆಯಿಂದ ಹಿಡಿಯಷ್ಟಾದಳು. ಸುಮ್ಮನಿದ್ದರೆ ಈ ಮಾತು ಇಲ್ಲಿಗೇ ಮುಗಿಯುತ್ತಿತ್ತು. ಅಕ್ಕುತಾಯಿ ಆಗಲೇ ಗೋಡೆಯತ್ತ ಕೈಯೆತ್ತಿದ್ದಳು. "ನಿಮ್ಮಲ್ಲಿ ಏನೂ ಇರೂದಿಲ್ಲ ಬಿಡ್ರಿ."

"ಬರೀಬ್ಯಾಡ," ಎಂದಳು ಸೋನಾಬಾಯಿ. ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಾಗಿತ್ತು. "ಒಳಗ ಬಾರವ್ವಾ."

ಅಕ್ಕುತಾಯಿ ಒಂದು ಗಳಿಗೆ ಅನುಮಾನಿಸಿ, ಚಪ್ಪಲಿ ಬಿಟ್ಟು, ಪಡಸಾಲೆ, ಅಡುಗೆಮನೆ ದಾಟಿ ಅವಳ ಹಿಂದೆ ನಡೆದಳು. ತಗಡು ತೆಗೆದಾಗ ಬ್ಯಾಟರಿ ಹೊತ್ತಿಸಲೇ ಇಲ್ಲ. ಬೇಕಾಗಿರಲಿಲ್ಲ.

"ಇಷ್ಟ ದಿನ ನಾ ನನ್ನ ಮನ್ಯಾಗ ಹುಡುಕಿದೆನ್ರಿ," ಎಂದಳು ಅಕ್ಕುತಾಯಿ.

ಬೈದಿದ್ದರೆ ಸೋನಾಬಾಯಿಗೆ ಹಗುರಾಗುತ್ತಿತ್ತು. ಅವಳು ಬಗ್ಗಿ, ದೋಣಿಯ ತೂತಿಗೆ ತುರುಕಿದ್ದ ಚಿಂದಿಯನ್ನು ತಾನೇ ಕಿತ್ತಳು. ನೀರು ಕಾದ ಹಾಸುಗಲ್ಲಿನ ಮೇಲೆ ಹರಡಿ, ನೋಡನೋಡುತ್ತಿದ್ದಂತೆ ಆರಿತು. ಅಕ್ಕುತಾಯಿ ಹೊರಗೆ ಹೋಗಿ ಗೋಡೆಯ ಮೇಲಿನ ಹಳೆಯ ಸೊನ್ನೆಯನ್ನು ಅಂಗೈಯಿಂದ ಒರೆಸಿದಳು.

ಮರುದಿನ ಬೆಳಗ್ಗೆ ಸೋನಾಬಾಯಿ ಎಂದಿನಂತೆ ನೀರು ಗಾಳಿಸಿ, ಎಂದಿನಂತೆ ಹಿತ್ತಲಿಗೆ ಬಂದಳು. ದೋಣಿ ಬರಿದಾಗಿ ಒಣಗಿತ್ತು; ಅರಿವೆಯ ಜೀವಗಳನ್ನು ಮರಳಿಸಲು ಬೇರೆ ಜಾಗವಿರಲಿಲ್ಲ. ಒದ್ದೆ ಅರಿವೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಅಲ್ಲೇ ನಿಂತಳು. ಅರಿವೆಯಿಂದ ಹನಿ ಹನಿ ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.