ಶೋಕಾಚರಣೆಯ ನಾಲ್ಕನೇ ದಿನ

ಮೂರನೇ ಮಹಡಿಯ ತುರ್ತು ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಮಂಗಳವಾರ ಬೆಳಗಿನ ಜಾವ ಬೆಂಕಿ ಹತ್ತಿದಾಗ ಆ ಕಟ್ಟಡದ ಅಗ್ಗದ ಬಾಡಿಗೆ ಗೂಡುಕೋಣೆಗಳಲ್ಲಿ ಮಲಗಿದ್ದವರ ಪೈಕಿ ಹನ್ನೊಂದು ಮಂದಿ ಸತ್ತರು. ಸರ್ಕಾರ ಏಳು ದಿನದ ಶೋಕಾಚರಣೆ ಘೋಷಿಸಿತು.

ಶುಕ್ರವಾರ ಹತ್ತು ಗಂಟೆಗೆ ಸ್ಟುಡಿಯೋದ ಲಿಫ್ಟಿನಲ್ಲಿ ನಿಂತು ಮಿರಾನ್, ಗೋಡೆಗೆ ಅಂಟಿಸಿದ್ದ ಕಂಪನಿಯ ಪ್ರಕಟಣೆಯನ್ನು ಮತ್ತೊಮ್ಮೆ ಓದಿದಳು. ಕಪ್ಪು ಹಾಳೆ, ಬಿಳಿ ಅಕ್ಷರ. 'ಅಗಲಿದ ಜೀವಗಳ ಗೌರವಾರ್ಥ, ಗಾಯಕಿ ರೋಹಾ ಅವರ ಹೊಸ ಹಾಡಿನ ಬಿಡುಗಡೆಯನ್ನು ಮುಂದೂಡಲಾಗಿದೆ.' ಹಾಡು ಇವತ್ತೇ ಹೊರಬರಬೇಕಿತ್ತು. ಇಡೀ ಸಿಯೋಲಿನಲ್ಲಿ ಎಲ್ಲರಿಗಿಂತ ಮೊದಲು ಬಿಡುಗಡೆ ನಿಲ್ಲಿಸಿದ್ದು ಇವರೇ. ಆಮೇಲೆ ನಾಲ್ಕಾರು ಕಂಪನಿಗಳು ಇವರ ದಾರಿ ಹಿಡಿದವು. ಸಂಗೀತ ಕಛೇರಿಗಳು ರದ್ದಾದವು, ಟಿವಿಯ ನಗೆ ಕಾರ್ಯಕ್ರಮಗಳು ನಿಂತವು, ಬೀದಿಯಲ್ಲಿ ಗಿಟಾರ್ ಹಿಡಿದು ಹಾಡುವವರನ್ನೂ ಪೊಲೀಸರು ಎಬ್ಬಿಸಿ ಕಳಿಸಿದರು. ಊರಿಗೆ ಊರೇ ಹಾಡು ನಿಲ್ಲಿಸಿತ್ತು. ಅಂಥವೇ ಇನ್ನೆಷ್ಟೋ ಕಟ್ಟಡಗಳ ಬಾಗಿಲಿನ ಬೀಗ ಮಾತ್ರ ಹಾಗೇ ಇತ್ತು.

ಸತ್ತವರಲ್ಲಿ ದಾಸೋಮ್ ಒಬ್ಬಳು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಮಿರಾನ್‌ಳ ಹಾಗೆಯೇ ಟ್ರ್ಯಾಕ್ ಗಾಯಕಿ. ದೊಡ್ಡ ಗಾಯಕಿ ಬಂದು ಹಾಡುವುದಕ್ಕೆ ಮುಂಚೆ, ಹಾಡು ಹೀಗಿರಬೇಕು ಎಂದು ತೋರಿಸಲು ಹಾಡಿಡುವುದು ಇವರ ಕೆಲಸ. ಆಕೆ ಹಾಡಿದ ಮೇಲೆ ಇವರ ದನಿಯನ್ನು ಅಳಿಸುತ್ತಾರೆ. ಆಕೆಯ ದನಿ ಏರದ ಕಡೆ ಇವರದನ್ನು ಅಳಿಸದೆ, ಹೇಳದೆ, ಹಾಗೇ ಅಡಿಯಲ್ಲಿ ಉಳಿಸಿಕೊಳ್ಳುವುದೂ ಉಂಟು. ರೋಹಾಳ ಹೊಸ ಹಾಡಿನ ಪಲ್ಲವಿಯಲ್ಲಿ ಆದದ್ದು ಅದೇ. ಅಲ್ಲಿ ಕೇಳುವುದು ಮುಕ್ಕಾಲು ಪಾಲು ದಾಸೋಮ್.

"ನಾವು ಕಿಮ್ಚಿ ಉಪ್ಪಿನಕಾಯಿ ಭರಣಿ ಮೇಲಿಡೋ ಕಲ್ಲು ಇದ್ದ ಹಾಗೆ ಅಕ್ಕಾ," ಎಂದು ನಗುತ್ತಿದ್ದಳು ದಾಸೋಮ್. "ನಾವಿಲ್ಲದೆ ಹದ ಬರಲ್ಲ. ಬಡಿಸೋವಾಗ ಮಾತ್ರ ಎತ್ತಿ ಪಕ್ಕಕ್ಕಿಡ್ತಾರೆ."

"ಕಲ್ಲಿಗೆ ಇಷ್ಟು ಬಾಯಿ ಇರಬಾರದು ಕಣೇ," ಎನ್ನುತ್ತಿದ್ದಳು ಮಿರಾನ್.

ಬುಧವಾರ ಶವಾಗಾರಕ್ಕೆ ಸೇರಿದ ಅಂತಿಮ ನಮನದ ಹಜಾರದಲ್ಲಿ ಆ ಪ್ರಕಟಣೆಯನ್ನು ದಾಸೋಮ್‌ಳ ತಾಯಿಗೆ ಓದಿ ಹೇಳಿದ್ದು ಮಿರಾನೇ. ದೂರದ ವಾಂಡೋ ಕಡೆಯ ದ್ವೀಪದಲ್ಲಿ ಕಡಲ ಸೊಪ್ಪು ಒಣಗಿಸಿ ಮಗಳನ್ನು ಓದಿಸಿದ ಹೆಂಗಸು. ಕೂದಲಿಗೆ ಬಿಳಿ ರಿಬ್ಬನ್ ಸಿಕ್ಕಿಸಿಕೊಂಡು, ಪದ್ಧತಿಯಂತೆ ಬಂದವರಿಗೆಲ್ಲ ಮಾಂಸದ ಕೆಂಪು ಸಾರು ಬಡಿಸುತ್ತಿದ್ದಳು, ಕೂರಿಸಿದರೆ ಕೂರುತ್ತಿರಲಿಲ್ಲ. ಮಗಳ ಪಟದ ಪಕ್ಕದಲ್ಲಿ ಕಂಪನಿ ಕಳಿಸಿದ ಮೂರಂತಸ್ತಿನ ಸೇವಂತಿಗೆ ಪುಷ್ಪಚಕ್ರ ನಿಂತಿತ್ತು. ಅದರ ಪಟ್ಟಿಯ ಮೇಲೆ ಕಂಪನಿಯ ಹೆಸರು ಪಟಕ್ಕಿಂತ ಎತ್ತರವಾಗಿತ್ತು.

"ನನ್ನ ಮಗಳ ಸಲುವಾಗಿ ಹಾಡು ನಿಲ್ಲಿಸ್ಯಾರಾ?" ತಾಯಿ ಸೌಟು ಹಿಡಿದೇ ಕೇಳಿದಳು. "ಹಂಗಾದ್ರ ಭಾಳ ದೊಡ್ಡ ಮಂದಿ ಬಿಡವ್ವಾ. ಅಕೀ ದನಿ ಐತಂತಲ್ಲ ಅದರಾಗ?"

"ಇದೆ ಅಮ್ಮಾ. ಪಲ್ಲವಿ ಪೂರ್ತಿ ಅವಳದೇ."

"ನನ್ನ ಕಡೆ ಅಕೀ ದನಿ ಒಂದೂ ಇಲ್ಲ ನೋಡು. ದಿನಾ ಫೋನ್ ಹಚ್ಚತಿದ್ಲು, ಮಾತಾಡಿದ್ದೆಲ್ಲಾ ಗಾಳೀಗೆ ಹೋತು. ಅಕೀ ಫೋನೂ ಸುಟ್ಟು ಕರಕಲಾತು. ಆ ಹಾಡು ನಲವತ್ತೊಂಬತ್ತನೇ ದಿನದ ಕಾರ್ಯದೊಳಗ ಬರ್ತೈತೇನು?"

"ಬರುತ್ತೆ ಅಮ್ಮಾ. ನಾನೇ ನಿಮಗೆ ಕೇಳಿಸ್ತೀನಿ."

ಆ ಮಾತು ಕೊಟ್ಟಾಗ ಮಿರಾನ್‌ಗೆ ಎದೆ ತುಂಬಿ ಬಂದಿತ್ತು. ಹನ್ನೊಂದು ವರ್ಷ ಈ ಕಂಪನಿಗೆ ದನಿ ಕೊಟ್ಟಿದ್ದಾಳೆ. ಒಂದು ಸಲವಾದರೂ ಇವರು ತಮ್ಮವರನ್ನು ಮನುಷ್ಯರೆಂದು ಕಂಡರಲ್ಲ ಅನ್ನಿಸಿತ್ತು. ಇವತ್ತು ಕರೆಸಿದ್ದೂ ದಾಸೋಮ್‌ಳ ಹೆಸರನ್ನು ಹಾಡಿಗೆ ಸೇರಿಸುವ ವಿಚಾರಕ್ಕೇ ಇರಬೇಕು ಎಂದುಕೊಂಡೇ ಬಂದಿದ್ದಳು. ಹೆಸರಿನ ಅಕ್ಷರಗಳು ತಪ್ಪಬಾರದೆಂದು ಚೀಟಿಯಲ್ಲಿ ಬರೆದು ತಂದಿದ್ದಳು.

ಬಾಗಿಲಲ್ಲಿ ರೆಕಾರ್ಡಿಸ್ಟ್ ಗಿಹುನ್ ನಿಂತಿದ್ದ. ಬಿಡುಗಡೆಯಾಗದ ಹಾಡು ಸೋರಬಾರದೆಂದು ಒಳಬರುವವರ ಫೋನುಗಳನ್ನು ಬುಟ್ಟಿಗೆ ಹಾಕಿಸಿಕೊಳ್ಳುವುದು ಅವನ ರೂಢಿ. ಇವತ್ತು ಬುಟ್ಟಿ ಮುಂದೆ ಚಾಚಲಿಲ್ಲ. ಮುಖವನ್ನೂ ನೋಡಲಿಲ್ಲ. ಪಾಪ, ದುಃಖ ಎಂದುಕೊಂಡಳು ಮಿರಾನ್.

ಕಂಪನಿಯ ನಿರ್ದೇಶಕ ಪ್ಯೋ ಎದ್ದು ನಿಂತು ಬರಮಾಡಿಕೊಂಡ. ಕೋಟಿಗೆ ಕಪ್ಪು ರಿಬ್ಬನ್ ಚುಚ್ಚಿಕೊಂಡಿದ್ದ.

"ಕೂತ್ಕೋ ಮಿರಾನ್. ಊಟ ಗೀಟ ಸರಿಯಾಗಿ ಮಾಡ್ತಿದೀಯಾ? ಮುಖ ಬಾಡಿಹೋಗಿದೆ." ತನ್ನ ಫೋನನ್ನು ಅವಳ ಕಡೆ ತಿರುಗಿಸಿದ. "ಜನ ಏನು ಬರೆದಿದ್ದಾರೆ ನೋಡು. 'ಲಾಭಕ್ಕಿಂತ ಜೀವ ದೊಡ್ಡದು ಅಂತ ತೋರಿಸಿಕೊಟ್ರಿ' ಅಂತ. ಓದಿದ್ರೆ ಕಣ್ಣಲ್ಲಿ ನೀರು ಬರುತ್ತೆ."

"ದಾಸೋಮ್ ತಾಯಿಗೂ ನಮ್ಮ ಪ್ರಕಟಣೆ ಓದಿ ಹೇಳ್ದೆ ಸಾರ್."

"ಒಳ್ಳೇದು ಮಾಡಿದೆ." ಪ್ಯೋ ಫೋನನ್ನು ಹಿಂದಕ್ಕೆ ತೆಗೆದುಕೊಂಡ. "ಈಗ ಒಂದು ಸಣ್ಣ ಕೆಲಸ. ಪಲ್ಲವಿ ಇನ್ನೊಂದು ಸಲ ಹಾಡಬೇಕು. ನೀನು."

ಮಿರಾನ್‌ಗೆ ತಕ್ಷಣ ಹೊಳೆಯಲಿಲ್ಲ. "ಪಲ್ಲವಿ ಆಗಿದೆಯಲ್ಲ ಸಾರ್. ದಾಸೋಮ್ ಹಾಡಿದ್ದು."

"ಅದಕ್ಕೇ."

ಗಿಹುನ್ ಪರದೆಯ ಮೇಲೆ ಹಾಡನ್ನು ತೆರೆದಿದ್ದ. ಒಂದರ ಕೆಳಗೊಂದು ಬಣ್ಣದ ಪಟ್ಟಿಗಳು, ಒಂದು ದನಿಗೆ ಒಂದು. ದಾಸೋಮ್‌ಳ ಪಟ್ಟಿ ಬೂದು ಬಣ್ಣಕ್ಕೆ ತಿರುಗಿತ್ತು. ಅದರ ಕೆಳಗೆ ಹೊಸದೊಂದು ಖಾಲಿ ಪಟ್ಟಿ. ಅದಕ್ಕೆ ಆಗಲೇ ಮಿರಾನ್ ಎಂದು ಹೆಸರು ಬರೆದಿತ್ತು.

"ಸತ್ತವಳ ದನಿ ಮಾರಿಕೊಂಡರು ಅನ್ನಿಸಿಕೊಳ್ಳೋದು ಬೇಡ," ಎಂದ ಪ್ಯೋ. ಅವನ ದನಿ ಮೆತ್ತಗಿತ್ತು. "ಗೌರವ ಅಂದ್ರೆ ಅದೇ ತಾನೆ? ಆ ಮಗುವನ್ನ ನೆಮ್ಮದಿಯಾಗಿ ಹೋಗೋಕೆ ಬಿಡೋಣ."

"ಹಾಗಿದ್ರೆ ಹೆಸರು ಹಾಕಿ ಬಿಡುಗಡೆ ಮಾಡಿ. ಹಾಡಿದವರು ದಾಸೋಮ್ ಅಂತ. ಒಂದು ಸಾಲು ಸಾಕು ಸಾರ್."

"ಹಾಕಿದ್ರೆ ಕೇಳ್ತಾರೆ, ಇಷ್ಟು ದಿನ ಯಾಕೆ ಹಾಕಿರಲಿಲ್ಲ ಅಂತ. ರೋಹಾ ಹಾಡಿದ್ದು ಎಷ್ಟು ಅಂತ. ಆಮೇಲೆ ಆ ಹುಡುಗಿ ಎಲ್ಲಿದ್ದಳು, ಯಾರು ಇಟ್ಟಿದ್ದು ಅಂತ."

ಆ ಗೂಡುಕೋಣೆ ಗೊತ್ತು ಮಾಡಿಕೊಟ್ಟಿದ್ದು ಕಂಪನಿಯೇ. ಸ್ಟುಡಿಯೋಗೆ ಐದು ನಿಮಿಷದ ದಾರಿ. ಯಾವ ಹೊತ್ತಿಗೆ ಕರೆದರೂ ಬಂದು ನಿಲ್ಲಬೇಕಲ್ಲ. ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವ ಕೋಣೆ. "ಇಲ್ಲಿ ಸ್ವರ ಹಚ್ಚಿದ್ರೆ ಆಚೆ ಕೋಣೆ ತಾತ ಗೋಡೆ ಗುದ್ದಿ ತಾಳ ಹಾಕ್ತಾನೆ ಅಕ್ಕಾ," ಎಂದಿದ್ದಳು ದಾಸೋಮ್. ಆ ತಾತನ ಹೆಸರೂ ಸತ್ತ ಹನ್ನೊಂದು ಮಂದಿಯಲ್ಲಿತ್ತು.

"ಅಂದ್ರೆ ಈ ಏಳು ದಿನ," ಮಿರಾನ್ ಒಂದೊಂದೇ ಪದ ಹುಡುಕಿದಳು, "ಹಾಡು ಮುಂದೆ ಹಾಕಿದ್ದು ಅವಳಿಗೋಸ್ಕರ ಅಲ್ಲ. ಅವಳನ್ನ ತೆಗೆಯೋದಕ್ಕೆ."

"ಎರಡೂ ಹೌದು ಅಂದ್ಕೋ. ನಿನ್ನ ದನಿಗೂ ಅವಳ ದನಿಗೂ ವ್ಯತ್ಯಾಸ ಯಾರಿಗೂ ತಿಳಿಯಲ್ಲ. ನೀನೇ ತಾನೆ ಕಲಿಸಿದ್ದು? ಆ ಸಾಲಿನ ಕೊನೇಲಿ ಹಳ್ಳಿ ಕಡೆಯವರ ಹಾಗೆ ಎಳೀತಾಳಲ್ಲ, ಅದೊಂದು ಬಿಟ್ಟು ಹಾಡು."

ಕಲಿಸಿದ್ದು ಅವಳೇ, ನಿಜ. 'ನಿನ್ನ ಗುರುತು ಸಿಗಬಾರದು, ಅದೇ ನಮ್ಮ ಕಸುಬು' ಎಂದು ತಿದ್ದಿ ತೀಡಿದ್ದಳು. ಆ ಎಳೆತವೊಂದನ್ನು ಮಾತ್ರ ಬಿಡಿಸಲಾಗಿರಲಿಲ್ಲ. ದೋಣಿಯಿಂದ ದೋಣಿಗೆ ಕೂಗಿ ಮಾತಾಡುವ ಊರಿನವಳು. ಸಾಲು ಮುಗಿದರೂ ದನಿಯನ್ನು ಇನ್ನಷ್ಟು ದೂರ ಎಸೆಯುತ್ತಿದ್ದಳು. ಅದೂ ಹೋಗಿಬಿಟ್ಟಿದ್ದರೆ ಇವತ್ತು ತಾಯಿಗೂ ಮಗಳ ಗುರುತು ಸಿಗುತ್ತಿರಲಿಲ್ಲ.

"ಉರಿಯೋ ಮನೇಲಿ ಗಳ ಹಿರಿಯೋದು ಅಂತಾರಲ್ಲ ಸಾರ್," ಎಂದಳು ಮಿರಾನ್. "ನಾನು ಗಾದೆ ಅಂದ್ಕೊಂಡಿದ್ದೆ."

ಪ್ಯೋನ ಮುಖದ ಮೆದುತನವೆಲ್ಲ ಇಳಿಯಿತು. "ಹನ್ನೊಂದು ವರ್ಷ ಅನ್ನ ಕೊಟ್ಟ ಜಾಗ ಇದು. ಹೋಗು. ಹಾಡು. ಅರ್ಧ ಗಂಟೆ ಕೆಲಸ."

ಮಿರಾನ್ ಎದ್ದು ಗಾಜಿನ ಕೋಣೆಯೊಳಗೆ ಹೋದಳು. ಯಾಕೆ ಹೋದಳೋ, ಕಾಲಿಗೆ ಅಭ್ಯಾಸವಾದ ದಾರಿ. ಹೆಡ್‌ಫೋನ್ ಹಾಕಿಕೊಂಡಳು. ಕಿವಿಯಲ್ಲಿ ಗಿಹುನ್‌ನ ದನಿ ಬಂತು.

"ಮೊದಲು ಟ್ರ್ಯಾಕ್ ಕೇಳಿಸ್ತೀನಿ ತಂಗೀ. ರೂಢಿ ಪ್ರಕಾರ."

ಒಂದು ಸಣ್ಣ ಕೆಮ್ಮು. ಒಂದು ಉಸಿರು. ಆಮೇಲೆ ದಾಸೋಮ್. ವಾದ್ಯಗಳನ್ನೆಲ್ಲ ಗಿಹುನ್ ತೆಗೆದಿದ್ದ. ಬರಿಯ ದನಿ, ಮೈಮೇಲೆ ಏನೂ ಇಲ್ಲದ ದನಿ. ಸಾಲಿನ ಕೊನೆಯಲ್ಲಿ ಅದೇ ಎಳೆತ. ಮುಗಿದ ಕೂಡಲೇ ಮತ್ತೆ ಮೊದಲಿಂದ ಶುರುವಾಯಿತು. ಅವನು ನಿಲ್ಲಿಸಲಿಲ್ಲ. ಮಿರಾನ್ ಗಾಜಿನಾಚೆ ನೋಡಿದಳು. ಗಿಹುನ್‌ನ ಕಣ್ಣು ಅವಳ ಕೋಟಿನ ಜೇಬಿನ ಮೇಲಿತ್ತು.

ಬುಟ್ಟಿ ಚಾಚದ್ದು ಯಾಕೆಂದು ಆಗ ತಿಳಿಯಿತು.

ಫೋನ್ ತೆಗೆದು ನಂಬರ್ ಒತ್ತಿದಳು. ನಾಲ್ಕನೇ ರಿಂಗಿಗೆ ತಾಯಿ ಎತ್ತಿದಳು. ಹಿಂದೆ ಇಂಜಿನ್ ಭೋರಿಡುತ್ತಿತ್ತು.

"ಯಾರವ್ವಾ? ಜೋರ ಮಾತಾಡು! ದೋಣಿಯಾಗ ಅದೀನಿ, ಅಕೀನ ಊರಿಗೆ ಕರಕೊಂಡು ಹೊಂಟೀನಿ!"

ಬೂದಿಯನ್ನು ಮಡಿಲಲ್ಲಿಟ್ಟುಕೊಂಡಿರಬೇಕು. "ನಾನು ಅಮ್ಮಾ, ಮಿರಾನ್. ಏನೂ ಮಾತಾಡಬೇಡಿ. ಕೇಳಿಸಿಕೊಳ್ಳಿ ಅಷ್ಟೇ." ಹೆಡ್‌ಫೋನ್ ತೆಗೆದು ಹಾಡಿನ ಹಾಳೆಯಿಡುವ ಸ್ಟ್ಯಾಂಡಿನ ಮೇಲೆ ಮಲಗಿಸಿ, ಅದರ ಕಿವಿಗೆ ಫೋನನ್ನು ಒತ್ತಿ ಹಿಡಿದಳು.

ಒಂದು ಸಾಲು ಹೋಯಿತು. ಎಳೆತ ಬಂತು.

ಅತ್ತ ತಾಯಿ ಕಿರಿಚಿದ್ದು ಈ ಕೋಣೆಗೂ ಕೇಳಿಸಿತು. "ಏ, ಇಂಜಿನ್ ಬಂದ್ ಮಾಡೋ! ಬಂದ್ ಮಾಡಂದ್ರ!"

ಇಂಜಿನ್ ನಿಂತಿತು. ನೀರು ಮರದ ಹಲಗೆಗೆ ಬಡಿಯುವ ಸದ್ದು ಮಾತ್ರ ಉಳಿಯಿತು.

ಪ್ಯೋ ಗಾಜಿಗೆ ಬಡಿದ. ಆಮೇಲೆ ಬಾಗಿಲು ತಳ್ಳಿಕೊಂಡು ಒಳಗೆ ಬಂದ. "ಯಾರಿಗೆ ಕೇಳಿಸ್ತಿದೀಯ ಅದನ್ನ? ಫೋನ್ ಕಟ್ ಮಾಡು."

"ಮಾಡಲ್ಲ."

"ಮಿರಾನ್, ಕಟ್ ಮಾಡು ಅಂದೆ."

ಅವಳು ಇನ್ನೊಂದು ಕೈಯನ್ನೂ ಫೋನಿನ ಮೇಲೆ ತಂದು ಮುಚ್ಚಿ ಹಿಡಿದಳು, ಗಾಳಿಗೆ ದೀಪ ಆರದ ಹಾಗೆ. ಪ್ಯೋ ಹಿಂದಕ್ಕೆ ತಿರುಗಿ ಗಿಹುನ್‌ಗೆ ಕೂಗಿದ, "ನಿಲ್ಲಿಸೋ ಹಾಡನ್ನ!"

ಗಿಹುನ್‌ನ ಎರಡೂ ಕೈ ತೊಡೆಯ ಮೇಲಿದ್ದವು. ಅಲ್ಲೇ ಇದ್ದವು. ಪಲ್ಲವಿ ಮತ್ತೆ ಮೊದಲಿಂದ ಶುರುವಾಯಿತು. ಒಂದು ಸಣ್ಣ ಕೆಮ್ಮು, ಒಂದು ಉಸಿರು.