ಕೋಳಿ ಷೇರು ಮತ್ತು ಗನೀಮಾಳ ಬಾಗಿಲು

ನನ್ನ ತಂಗಿ ಗನೀಮಾಗೆ ಬೇಕಾಗಿದ್ದುದು ಒಂದೇ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ತನ್ನದೇ ಒಂದು ಬಾಗಿಲು. ತಲಾಕ್ ಆದ ಮೇಲೆ ಅವಳು ನಮ್ಮಣ್ಣ ಮಿಶಾರಿಯ ಮನೆಯ ಮಹಡಿ ಕೋಣೆಯಲ್ಲಿದ್ದಳು. ಅಣ್ಣ ಕೆಟ್ಟವನಲ್ಲ. ಆದರೆ ಆ ಕೋಣೆಗೆ ಅವನು ಒಂದು ದಿನವೂ ಬಾಗಿಲು ತಟ್ಟಿ ಬಂದವನಲ್ಲ. "ನನ್ನ ಮನೇಲಿ ನಾನ್ಯಾಕೆ ತಟ್ಲಿ?" ಎನ್ನುತ್ತಿದ್ದ.

ಕುವೈತಿನ ಸಾಲ್ಮಿಯಾದಲ್ಲಿ ಸಮುದ್ರ ಕಾಣುವ ಪುಟ್ಟ ಫ್ಲ್ಯಾಟೊಂದನ್ನು ಗನೀಮಾ ನೋಡಿಟ್ಟಿದ್ದಳು. ಅದಕ್ಕೆ ಬೇಕಾದ ದುಡ್ಡೆಲ್ಲ ಒಂದು ಕೋಳಿ ಕಂಪನಿಯ ಷೇರಿನಲ್ಲಿತ್ತು. ಬೇಸಿಗೆಯಲ್ಲೇ ಮಾರಿದ್ದರೆ ಸಾಕಾಗುತ್ತಿತ್ತು. ಈ ಹುಡುಗಿ ಟೆಂಟ್ ಕಾಲಕ್ಕೆ ಕಾದಳು. ಚಳಿ ಶುರುವಾದರೆ ಇಲ್ಲಿ ನಾವೆಲ್ಲ ಮರಳುಗಾಡಿನಲ್ಲಿ ಟೆಂಟ್ ಹಾಕಿ ರಾಶಿ ರಾಶಿ ಕೋಳಿ ಸುಡುತ್ತೇವೆ, ಆಗ ಕೋಳಿ ಷೇರು ಏರಿಯೇ ಏರುತ್ತದೆ ಎಂದು ಷೇರು ಪೇಟೆಯ ಹೆಂಗಸರ ಹಾಲ್‌ನಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಅಷ್ಟರಲ್ಲಿ ಕಚ್ಚಾ ತೈಲದ ಬೆಲೆ ಕುಸಿಯಿತು. ಬ್ಯಾಂಕು, ಸಿಮೆಂಟು, ಟೆಲಿಫೋನು ಎನ್ನದೆ ಪೇಟೆಯ ಬೆಲೆ ಫಲಕದ ತುಂಬ ಇಳಿಕೆಯ ಕೆಂಪು. ಕೋಳಿಯೂ ಇಳಿಯತೊಡಗಿತು.

"ಹೆದರ್ಬೇಡ ಕಣೇ," ಎಂದ ಮಿಶಾರಿ, ಊಟಕ್ಕೆ ಕೂತಾಗ. "ಕೋಳಿ ಏನು ಪೆಟ್ರೋಲ್ ಕುಡಿಯುತ್ತಾ? ನನ್ನ ನೋಡು, ಸರ್ಕಾರಿ ಕೆಲಸ. ಎಣ್ಣೆ ಬೀಳ್ಲಿ ಏಳ್ಲಿ, ನಂಗೇನು?"

ಮರುದಿನ ಹಾಲ್‌ನಲ್ಲಿ ಗನೀಮಾ ಈ ಮಾತನ್ನೇ ಉಮ್ಮ್ ಬದರ್‌ಗೆ ಒಪ್ಪಿಸಿದಳು. ಆ ಮುದುಕಿ ಅಲ್ಲಿ ಕೂತು ಷೇರು ವ್ಯಾಪಾರ ಮಾಡುತ್ತಲೇ ತಲೆ ನರೆಸಿಕೊಂಡವಳು. ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತ ನಕ್ಕಳು.

"ಕೋಳಿ ತಿನ್ನೋರು ಯಾರು ಮಗಳೇ? ಸಂಬಳದೋರು. ಸಂಬಳ ಕೊಡೋದು ಸರ್ಕಾರ. ಸರ್ಕಾರಕ್ಕೆ ಎಣ್ಣೆ ಬಿಟ್ಟು ಎಲ್ಲಿಂದ ಬರುತ್ತೆ? ನಿಮ್ಮಣ್ಣನ ಹತ್ರ ಷೇರು ಇದ್ಯಾ?"

"ಒಂದೂ ಇಲ್ಲ."

"ಹಾಗಾದ್ರೆ ಅವನ ಬಾಯಿ ನೋಡ್ಬೇಡ. ಅವನು ಏನು ಕೊಂಡ್ಕೊಂಡು ಬರ್ತಾನೆ, ಅದನ್ನ ನೋಡು."

ನನಗೆ ಆ ಮಾತು ತಲೆಯಿಂದ ಹೋಗಲೇ ಇಲ್ಲ. ಬ್ಯಾಂಕು, ಕೋಳಿ, ಅಣ್ಣನ ನೌಕರಿ ಎಲ್ಲ ಬೇರೆ ಬೇರೆ ಅಂದುಕೊಂಡು ಬದುಕಿದ್ದೆವು. ನೀರು ಮಾತ್ರ ಒಂದೇ ಬಾವಿಯದು. ಹೆದರಿಕೆಯಾಯಿತು ನನಗೆ, ಸುಳ್ಳೇಕೆ.

ಶುಕ್ರವಾರ ಅಣ್ಣನ ಟೆಂಟಿಗೆ ಹೋದೆವು. ಪ್ರತಿ ವರ್ಷ ಪಕ್ಕದ ಟೆಂಟುಗಳವರನ್ನೂ ಕರೆದು ಉಣ್ಣಿಸುವವನು ಈ ಸಲ ಯಾರನ್ನೂ ಕರೆದಿರಲಿಲ್ಲ. ಕೆಂಡದ ಮೇಲೆ ಅರ್ಧ ಜಾಗ ಖಾಲಿ.

"ಅಣ್ಣ, ಕೋಳಿ ಕಮ್ಮಿ ಆಯ್ತಲ್ಲಾ?" ಎಂದಳು ಗನೀಮಾ.

"ಮನೆಯವ್ರೇ ತಾನೆ, ಸಾಕು ಬಿಡು." ಕೆಂಡ ಕೆದಕಿದ. ಆಮೇಲೆ ಮೆಲ್ಲಗೆ, "ಈ ವರ್ಷ ಬೋನಸ್ ಇಲ್ವಂತೆ. ನಿಮ್ಮತ್ತಿಗೆಗೆ ಹೇಳ್ಬೇಡಿ," ಎಂದ. ಅಯ್ಯೋ ಪಾಪ ಅನ್ನಿಸಿತು. ಗನೀಮಾ ಮಾತ್ರ ತಟ್ಟೆ ಕೆಳಗಿಟ್ಟು ನನ್ನ ಮುಖ ನೋಡಿದಳು.

ಶುಕ್ರ-ಶನಿ ರಜೆ ಮುಗಿದು ಭಾನುವಾರ ಪೇಟೆ ತೆರೆಯುತ್ತಲೇ ಎಲ್ಲ ಷೇರು ಮಾರಿದಳು.

"ಹುಚ್ಚಿ! ನಷ್ಟಕ್ಕೆ ಮಾರಿದ್ಯಲ್ಲೇ! ಯಾರ ಮಾತು ಕೇಳ್ದೆ?" ಎಂದು ಕೂಗಾಡಿದ ಮಿಶಾರಿ.

"ನಿನ್ನ ಒಲೆ ನೋಡಿ ಮಾರ್ದೆ, ಅಣ್ಣ."

ಕೋಳಿ ಷೇರು ಆ ಚಳಿಗಾಲವಿಡೀ ಇಳಿಯುತ್ತಲೇ ಹೋಯಿತು. ಸಮುದ್ರ ಕಾಣುವ ಫ್ಲ್ಯಾಟಂತೂ ಕೈತಪ್ಪಿತು. ಸಿಕ್ಕಿದ್ದು ಹವಲ್ಲಿ ಬಡಾವಣೆಯ ಹಿಂದಿನ ಗಲ್ಲಿಯಲ್ಲೊಂದು ಫ್ಲ್ಯಾಟು, ಕಿಟಕಿ ತೆರೆದರೆ ಎದುರುಮನೆಯವರ ಏಸಿ ಪೆಟ್ಟಿಗೆ.

ಅವಳ ಮನೆಗೆ ಮೊದಲ ಸಲ ಅಣ್ಣನೂ ನಾನೂ ಒಟ್ಟಿಗೆ ಹೋದೆವು. ಅವನ ಕೈಯಲ್ಲಿ ಖರ್ಜೂರದ ಡಬ್ಬಿ. ಅಭ್ಯಾಸದಂತೆ ಇನ್ನೊಂದು ಕೈ ನೇರ ಬಾಗಿಲ ಹಿಡಿಕೆಗೆ ಹೋಯಿತು. ಹಿಡಿಕೆ ತಿರುಗಲಿಲ್ಲ, ಒಳಗಿನಿಂದ ಚಿಲಕ. ನನ್ನತ್ತ ನೋಡಿ, ಬೆರಳು ಮಡಿಸಿ ತಟ್ಟಿದ.

"ಯಾರು?" ಒಳಗಿನಿಂದ ಗನೀಮಾ.

"ನಾನು ಕಣೇ. ಮಿಶಾರಿ."

"ಸ್ವಲ್ಪ ಇರಣ್ಣ, ಬಂದೆ."

ಅವಳು ಬಾಗಿಲ ಹಿಂದೆಯೇ ನಿಂತಿದ್ದಳು, ಬಳೆಯ ಸದ್ದು ನನಗೆ ಕೇಳಿಸುತ್ತಿತ್ತು. ಅಣ್ಣ ಡಬ್ಬಿ ಹಿಡಿದುಕೊಂಡು ಕಾದ.