ಧ್ರುವನೌಕೆ ಇಳಿದ ಭಾನುವಾರ

ಹರಿಕಥೆಯವರ ಮನೆಯಲ್ಲಿ ಒಂದು ಕಟ್ಟು ಉಂಟು. ದ್ರೌಪದಿಯ ಸೆರಗು ದುಶ್ಶಾಸನನ ಕೈಯಲ್ಲಿರುವಾಗ ಕಥೆ ನಿಲ್ಲಿಸಬಾರದು. ಗಾಳಿ ಬೀಸಲಿ, ದೀಪ ಆರಲಿ, ಕೃಷ್ಣ ಸೀರೆ ಕೊಟ್ಟ ಮೇಲೆ, ಮಂಗಳ ಹಾಡಿಯೇ ತಾಳ ಕೆಳಗಿಡಬೇಕು. ದಾಸರ ಮಗಳು ತ್ರಿಪುರಸುಂದರಿ ಈ ಕಟ್ಟನ್ನು ಮೈಸೂರಿನಿಂದ ನ್ಯೂಜೆರ್ಸಿಗೆ ದೇವರ ಪೆಟ್ಟಿಗೆಯ ಜೊತೆಗೇ ತಂದಿದ್ದರು.

ಅದಕ್ಕೇ ಆ ಭಾನುವಾರ ಸುಧಾಕರ ಶೆಟ್ಟರ ಮಾತು ಕೇಳಿ ಅವರ ಕಿವಿ ಕಾದ ಬಾಣಲೆಯಾಯಿತು.

"ಇವತ್ತೇ ಕಡೆ ಎಪಿಸೋಡು, ಅಮ್ಮ. ಹೋಮ್‌ಲೋನಿನ ಆ ಸ್ಪಾನ್ಸರ್ ಆಫೀಸಿಗೇ ಬೀಗ ಹಾಕಿದ್ದಾನೆ. ಈ ಎಕಾನಮಿಯಲ್ಲಿ ಇನ್ನೊಬ್ಬ ಎಲ್ಲಿ ಸಿಗ್ತಾನೆ? ನೌಕೆಯಲ್ಲಿ ಗಾಳಿ ಮುಗಿಯಿತು ಅಂತ ಹೇಳಿ ಅಲ್ಲಿಗೇ ಕಟ್ ಮಾಡುವ. ಮುಂದೆ ಏನಾಯ್ತು ಅಂತ ಜನ ಫೋನ್ ಮಾಡ್ತಾರೆ. ಫೋನ್ ಬಂದರೆ ಯಾರಾದರೂ ಕೈ ಹಿಡಿದಾರು."

"ಯಾರೂ ಹಿಡೀಲಿಲ್ಲ ಅಂದ್ರೆ?"

"ಅಲ್ಲಿಗೆ ಮುಗೀತು."

"ಮುಗಿಯೋದು ಹೇಗ್ರೀ? ನೌಕೆಯವರು ಉಸಿರು ಕಟ್ಟಿಕೊಂಡು ಅಲ್ಲೇ ನಿಂತಿರ್ತಾರಲ್ಲ!"

ಶೆಟ್ಟರು ನಕ್ಕರು. ‘ಧ್ರುವನೌಕೆ’ ಊರಿನ ಕೇಬಲ್ ಚಾನೆಲ್ಲಿನಲ್ಲಿ ಭಾನುವಾರ ಬೆಳಿಗ್ಗೆ ನೇರವಾಗಿ ಬರುವ ಮಕ್ಕಳ ಧಾರಾವಾಹಿ. ಕ್ರ್ಯಾನ್‌ಬರಿಯ ಗೋದಾಮೊಂದರ ಮೂಲೆಯೇ ಸ್ಟುಡಿಯೊ, ರಟ್ಟಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿದ್ದೇ ಆಕಾಶನೌಕೆ. ಮೋಟೆಲ್ ಮಾಲೀಕರಾದ ಶೆಟ್ಟರು ಚಾನೆಲ್ಲಿಗೆ ದುಡ್ಡು ಕೊಟ್ಟು ಪ್ರಸಾರದ ಹೊತ್ತನ್ನು ಕೊಂಡವರು. ಆದ್ದರಿಂದ ಕ್ಯಾಪ್ಟನ್ನೂ ಅವರೇ. ಕಥೆ ತ್ರಿಪುರಸುಂದರಿಯವರದು, ಪರದೆಯ ಹಿಂದೆ ಮೈಕು ಹಿಡಿದು ಮಾತಾಡುವ ನೌಕೆಯ ದನಿಯೂ ಅವರದೇ. ದಾರಿ ತಪ್ಪಿದ ನೌಕೆಯಲ್ಲಿ ಜನ ಒಬ್ಬರನ್ನೊಬ್ಬರು ನಂಬರು. ಕ್ಯಾಪ್ಟನ್ ತನಗೊಬ್ಬನಿಗೇ ಎಂದು ಗಾಳಿಯ ಸಿಲಿಂಡರೊಂದನ್ನು ಬಚ್ಚಿಟ್ಟಿದ್ದಾನೆ. ಅದು ನೋಡುವ ಮಕ್ಕಳಿಗೆ ಗೊತ್ತು, ನೌಕೆಯವರಿಗೆ ಗೊತ್ತಿಲ್ಲ.

"ಶೆಟ್ರೇ, ನೀವು ಉಡುಪಿ ಕಡೆಯವರು. ನಿಮ್ಮ ಯಕ್ಷಗಾನ ಮೇಳದವರು ಪ್ರಸಂಗದ ನಡುವೆ ಗೆಜ್ಜೆ ಬಿಚ್ಚಿ ಮನೆಗೆ ಹೋಗ್ತಾರಾ?"

"ಇದು ಮೇಳ ಅಲ್ಲ ಮಾರಾಯ್ರೆ, ಟೀವಿ!"

ನೌಕೆಯ ಇಂಜಿನಿಯರ್ ವೇಷದ ದಿವಾಕರ ಮೆಲ್ಲಗೆ ಅಂದ: "ಜರ್ಸಿ ಸಿಟಿ ಆಫೀಸಿನಲ್ಲಿ ಲೇಆಫ್ ಆದ್ಮೇಲೆ ನಾನು ಇಂಜಿನಿಯರ್ ಆಗಿರೋದು ಇಲ್ಲೊಂದೇ ಕಡೆ ಸರ್. ಇಲ್ಲೂ ನಡುನೀರಲ್ಲಿ ಕೈ ಬಿಡ್ತೀರಾ? ನನ್ನ ಮಗಳು ಸಾನ್ವಿ ಈಗ ಟೀವಿ ಮುಂದೆ ಕೂತಿದಾಳೆ."

"ನೀನು ಸುಮ್ಮನಿರು."

ಕ್ಯಾಮೆರಾದ ಗುರುರಾಜ ಕೈ ಎತ್ತಿದ. ಪ್ರಸಾರ ಶುರುವಾಯಿತು.

ಆಟ ಸಾಗಿತು. ಪೈಲಟ್ ಅಕ್ಷಿತಾ ಕೆಮ್ಮಿದಳು, ದಿವಾಕರ ಕುಸಿದ. ಕ್ಯಾಪ್ಟನ್ ಎದೆಯುಬ್ಬಿಸಿ ನಡುವೆ ನಿಂತು, "ಹೇಳು ನೌಕೆ, ಗಾಳಿ ಎಷ್ಟು ಉಳಿದಿದೆ?" ಎಂದು ಗುಡುಗಿದ. ನೌಕೆಯ ದನಿ ‘ಇನ್ನು ಇಲ್ಲ’ ಎಂದು ಹೇಳಿದರೆ ಕಟ್.

ತ್ರಿಪುರಸುಂದರಿಯವರು ಮೈಕನ್ನು ಬಾಯಿಯ ಹತ್ತಿರ ತಂದರು. ಕೋಪ ಉಕ್ಕಿತು. ನೌಕೆಯ ಬಾಗಿಲು ತೆರೆದು ಈ ಮನುಷ್ಯನನ್ನು ಕತ್ತಲಿಗೆ ನೂಕು ಎಂದು ಒಳಗಿನಿಂದ ಯಾರೋ ಕೂಗಿದಂತಾಯಿತು. ಒಂದೇ ಮಾತು ಸಾಕು. ಒಬ್ಬ ಕಡಿಮೆಯಾದರೆ ಉಳಿದವರಿಗೆ ಗಾಳಿ ಸಾಲುತ್ತದೆ, ಊರ ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಾರೆ. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ರಾವಣನಿಗೂ ಸದ್ಗತಿ ಕಾಣಿಸದೆ ಅಪ್ಪ ಒಂದು ದಿನವೂ ಕಥೆ ಮುಗಿಸಿದವರಲ್ಲ. ಹಲ್ಲು ಕಚ್ಚಿ ಆ ಮಾತನ್ನು ನುಂಗಿದರು. ಬೆಂಕಿ ನುಂಗಿದ ಹಾಗಾಯಿತು.

"ಗಾಳಿ ಇದೆ, ಕ್ಯಾಪ್ಟನ್," ಎಂದಿತು ನೌಕೆ. "ನಿಮ್ಮ ಆಸನದ ಕೆಳಗೆ ಬಚ್ಚಿಟ್ಟಿದ್ದೀರಲ್ಲ, ಅದನ್ನು ತೆಗೆಯಿರಿ."

ಶೆಟ್ಟರು ಬೆಚ್ಚಿ ತಿರುಗಿದರು. ಗುರುರಾಜನತ್ತ ಕಣ್ಣು ಮಿಟುಕಿಸಿದರು, ಕಟ್ ಮಾಡು ಎಂದು ಬೆರಳುಗಳನ್ನು ಕತ್ತರಿಯಂತೆ ಆಡಿಸಿ ತೋರಿಸಿದರು. ಗುರುರಾಜ ಕ್ಯಾಮೆರಾ ಬಿಟ್ಟು ತಲೆ ಎತ್ತಲಿಲ್ಲ.

ದಿವಾಕರ ಎದ್ದು ಕುಳಿತ. "ಬಚ್ಚಿಟ್ಟಿದ್ರಾ? ನಾವು ಸಾಯ್ತಾ ಇದ್ರೂ?" ಆ ಸಿಟ್ಟು ನಟನೆಯದಾಗಿರಲಿಲ್ಲ.

"ಓ ಮೈ ಗಾಡ್, ಕ್ಯಾಪ್ಟನ್!" ಎಂದಳು ಅಕ್ಷಿತಾ. "ಗಿವ್ ಇಟ್!"

ಊರೆಲ್ಲ ನೋಡುತ್ತಿತ್ತು. ಶೆಟ್ಟರು ಬಗ್ಗಿ ಸಿಲಿಂಡರ್ ಎಳೆದು ನಡುವೆ ಇಟ್ಟರು. ಮುಖ ಕುಂಕುಮವಾಗಿತ್ತು.

"ಈಗ ಎಲ್ಲರೂ ಸರದಿಯ ಮೇಲೆ ಉಸಿರಾಡಿ," ಎಂದಿತು ನೌಕೆ. "ಕ್ಯಾಪ್ಟನ್, ನೀವೂ." ಆ ‘ನೀವೂ’ ಎನ್ನುವಾಗ ದನಿ ಚಾಕುವಿನಂತಿತ್ತು. ಆಮೇಲೆ ನೌಕೆ ದಾರಿ ಹೇಳಿತು: ಬಲಕ್ಕೆ ಧ್ರುವನಕ್ಷತ್ರ, ಕೆಳಗೆ ಮೋಡ, ಮೋಡದ ಕೆಳಗೆ ನಮ್ಮ ನೆಲ. ರಟ್ಟಿನ ಬಾಗಿಲು ತೆರೆಯಿತು, ಮೂವರೂ ಹೊರಗೆ ಕಾಲಿಟ್ಟರು. ತ್ರಿಪುರಸುಂದರಿಯವರು ಕಣ್ಣು ಮುಚ್ಚಿ ಮಂಗಳ ಹಾಡಿ ಮುಗಿಸಿದರು.

ಕ್ಯಾಮೆರಾ ಆರಿದ್ದೇ ತಡ, ಶೆಟ್ಟರು ಪರದೆ ಸರಿಸಿ ನುಗ್ಗಿದರು. "ಎಂತ ಮಾಡಿದಿರಿ ನೀವು? ಊರ ಮುಂದೆ ನನ್ನನ್ನು ಕಳ್ಳ ಮಾಡಿದಿರಲ್ಲ!"

"ಹೊರಗೆ ನೂಕಿ ಕೊಲ್ಲೋದರಲ್ಲಿದ್ದೆ. ಅದು ಗೊತ್ತಾ ನಿಮಗೆ?" ಅವರೂ ಎದ್ದು ನಿಂತರು. "ಕಥೆಯೊಳಗೆ ಬಂದವರು ಮನೆಗೆ ಬಂದ ನೆಂಟರ ಹಾಗೆ. ಬೈದಾದ್ರೂ ಬಡಿಸಿಯೇ ಕಳಿಸಬೇಕು. ಅದಕ್ಕೆ ಬದುಕಿದ್ರಿ."

"ಎಲ್ಲ ಮುಗಿಸಿಬಿಟ್ರಿ. ಇನ್ನು ಫೋನ್ ಯಾರು ಮಾಡ್ತಾರೆ?"

"ಯಾರೂ ಮಾಡೋದು ಬೇಡ! ಮಕ್ಕಳು ಟೀವಿ ಆರಿಸಿ ಆಡೋಕೆ ಹೋಗಲಿ."

ಕೋಟು ಹಾಕಿಕೊಳ್ಳಲು ಹೋದ ತ್ರಿಪುರಸುಂದರಿಯವರಿಗೆ ಕೋಪಕ್ಕೆ ತೋಳೇ ಸಿಗಲಿಲ್ಲ. ಹಾಗೇ ಹೆಗಲ ಮೇಲೆ ಎಸೆದುಕೊಂಡು, ದಿವಾಕರನಿಗೆ "ಬಾರಪ್ಪ, ನನ್ನನ್ನ ಪ್ರಿನ್ಸ್‌ಟನ್ನಿಗೆ ಮನೆಗೆ ಬಿಡು. ಇವರ ಕಾರು ನಾನು ಹತ್ತಲ್ಲ," ಎಂದು ಹೇಳಿ ಗೋದಾಮಿನ ಬಾಗಿಲನ್ನು ಎರಡೂ ಕೈಯಿಂದ ತಳ್ಳಿದರು.